ತಟ್ಟಿ ತೆಗೆಯುವ ಬಾಗಿಲು

ಬಾಲಾಪರಾಧಿಗಳ ಆ ಕೇಂದ್ರದಲ್ಲಿ ಹುಡುಗರ ಕೋಣೆಗಳ ಬಾಗಿಲಿಗೆ ಒಳಗಡೆ ಹಿಡಿಯೂ ಇಲ್ಲ, ಚಿಲಕವೂ ಇಲ್ಲ. ಬೀಗದ ಕೈ ಹೊರಗಿರುವ ಕಾವಲಿನವರ ಸೊಂಟದಲ್ಲಿ. ಹೀಗಿರುವಾಗ ಬಾಗಿಲು ತಟ್ಟುವುದೆಂದರೆ ಕುರುಡನಿಗೆ ಕನ್ನಡಿ ಹಿಡಿದಂತೆ ಎಂದು ಎಲ್ಲರೂ ಮೀಸೆ ಎಂದು ಕರೆಯುತ್ತಿದ್ದ ಹಿರಿಯ ಕಾವಲುಗಾರ ನಗುತ್ತಿದ್ದ. ಆದರೂ ಎರಡನೇ ಸಾಲಿನ ಕೋಣೆಗಳ ಮೇಲ್ವಿಚಾರಕ ಕೆಲಸಕ್ಕೆ ಸೇರಿದ ವಾರದಿಂದಲೂ ತಟ್ಟುತ್ತಲೇ ಬಂದಿದ್ದ. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಒಳಗಿನಿಂದ “ಹೂಂ” ಎಂದೋ “ಬಾ ಅಣ್ಣ” ಎಂದೋ ದನಿ ಬಂದ ಮೇಲೆಯೇ ಕೀಲಿ ತಿರುಗಿಸುವುದು. ಕಕ್ಕಸು ಕೋಣೆಯ ಮೂಲೆಯಲ್ಲೇ ಇತ್ತು, ಅದಕ್ಕೆ ಮರೆಯಿರಲಿಲ್ಲ. ಬೆಳೆದ ಹುಡುಗ ಅದರ ಮೇಲೆ ಕೂತಿದ್ದಾಗ ಬಾಗಿಲು ದಡಾರನೆ ತೆರೆದುಕೊಂಡರೆ ಇಡೀ ದಿನ ಸಾಲಿನಲ್ಲಿ ಜಗಳ. ತಟ್ಟಿದರೆ ಜಗಳ ಅರ್ಧಕ್ಕರ್ಧ ಕಡಿಮೆ. ಅವನು ತಟ್ಟಲು ಶುರುಮಾಡಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಹುಡುಗರು ಅವನಿಗೆ ತಟ್ಟಣ್ಣ ಎಂದು ಹೆಸರಿಟ್ಟರು.

“ಬಂದ ನೋಡ್ರೋ ನಿಮ್ಮ ತಟ್ಟಣ್ಣ, ಮಾವನ ಮನೆಗೆ ಬಂದ ಅಳಿಯನ ಹಾಗೆ,” ಎಂದು ಮೀಸೆ ಪಡಸಾಲೆಯ ತುದಿಯಿಂದ ಕೂಗುತ್ತಿದ್ದ.

ಉಳಿದವರು ಯಾರೂ ತಟ್ಟುತ್ತಿರಲಿಲ್ಲವಾದ್ದರಿಂದ ಹುಡುಗರು ತಮ್ಮದೇ ಒಂದು ಲೆಕ್ಕ ಹಾಕಿಕೊಂಡಿದ್ದರು. ತಟ್ಟಿದರೆ ತಿಂಡಿ, ಪಾಠ, ಬಡಗಿ ಕೆಲಸ, ಮನೆಯವರ ಭೇಟಿ. ತಟ್ಟದೆ ತೆರೆದರೆ ತಪಾಸಣೆ, ಇಲ್ಲವೇ ವರ್ಗ. ವರ್ಗವೆಂದರೆ ಹದಿನೆಂಟು ತುಂಬಿದವರಿಗೆ ದೊಡ್ಡವರ ಜೈಲು. ಚಿಕ್ಕವರಿಗೆ, ಜಾಗ ಸಾಲದೆ ಬಂದಾಗ, ದೂರದ ಇನ್ನೊಂದು ಕೇಂದ್ರ. ವರ್ಗದ ದಿನವನ್ನು ಮೊದಲೇ ಹೇಳಬಾರದೆಂಬುದು ಅಲ್ಲಿನ ನಿಯಮ. ಹಿಂದೊಮ್ಮೆ ಯಾರೋ ಮರುಕಪಟ್ಟು ಹಿಂದಿನ ಸಂಜೆಯೇ ಹೇಳಿದ್ದಕ್ಕೆ ಹುಡುಗನೊಬ್ಬ ನೆಲ ಒರೆಸುವ ಫಿನಾಯಿಲ್ ಕುಡಿದಿದ್ದ. ಆಮೇಲೆ ನಿಯಮ ಬಿಗಿಯಾಯಿತು. ನಾಲ್ಕು ಜನ ಒಮ್ಮೆಲೇ ಒಳನುಗ್ಗಿ ಕೈಕಾಲು ಹಿಡಿಯುತ್ತಿದ್ದರು.

ಹದಿನೆಂಟು ತುಂಬಿದ ಏಣಿಯ ವರ್ಗದ ಆದೇಶ ಬಂದ ಬೆಳಿಗ್ಗೆ ಸೂಪರಿಂಟೆಂಡೆಂಟ್ ಮೇಡಂ ಮೀಸೆಯನ್ನೂ ತಟ್ಟಣ್ಣನನ್ನೂ ತಮ್ಮ ಕೋಣೆಗೆ ಕರೆದರು. ಏಣಿ ಎಂದರೆ ಮಲಗಿದರೆ ಪಾದ ಮಂಚದಾಚೆ ಚಾಚಿಕೊಳ್ಳುವಷ್ಟು ಉದ್ದದ ಹುಡುಗ. ಒಂದು ಹೊಡೆದಾಟದಲ್ಲಿ ಒಬ್ಬ ಸತ್ತಿದ್ದ. ಏಣಿಯ ಕೈಯಲ್ಲಿ ಕಬ್ಬಿಣದ ಸರಳಿತ್ತು. ಇಲ್ಲಿ ಬಂದ ಮೇಲೆ ಮರಕ್ಕೆ ಹತ್ರಿ ಹೊಡೆದು ನುಣುಪು ಮಾಡುವುದನ್ನು ಕಲಿತಿದ್ದ. ಕೆಲವು ತಿಂಗಳಿಂದ ಅವನನ್ನು ದವಡೆ ಹಲ್ಲು ಕಾಡುತ್ತಿತ್ತು. ಹಲ್ಲಿನ ಡಾಕ್ಟರು ಇಂದು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಕಾದು ಕೆನ್ನೆ ಊದಿಸಿಕೊಂಡಿದ್ದ.

“ನಾಲ್ಕು ಜನ ಹೋಗಿ ಎತ್ಕೊಂಡು ಬರ್ತೀವಿ. ಏಣಿ ಹೊರೋದೇನು ಹೊಸದಾ?” ಎಂದ ಮೀಸೆ.

ಮೇಡಂ ನಗಲಿಲ್ಲ. “ಅವನು ಒದ್ದಾಡಿದ್ರೆ ನಾನು ಅವನ ಕಾಗದದಲ್ಲಿ ಬರೀಬೇಕಾಗತ್ತೆ. ಬರೆದ್ರೆ ಜೈಲಲ್ಲಿ ಅವನನ್ನ ಹೊಸಬರ ಜೊತೆ ಹಾಕಲ್ಲ, ಗಲಾಟೆಯವರ ಜೊತೆ ಹಾಕ್ತಾರೆ. ಅಲ್ಲಿ ಅವನ ಗತಿ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು.”

“ನಾನೇ ಕರ್ಕೊಂಡು ಬರ್ತೀನಿ,” ಎಂದ ತಟ್ಟಣ್ಣ. “ಸುಮ್ನೆ ನಡ್ಕೊಂಡು ಬರ್ತಾನೆ.”

“ವಿಷಯ ಹೇಳೋ ಹಾಗಿಲ್ಲ.”

“ಹೇಳಲ್ಲ ಮೇಡಂ.”

ಏಣಿಯ ಬಾಗಿಲ ಮುಂದೆ ನಿಂತಾಗ ಅವನಿಗೆ ತಾನು ಒಪ್ಪಿಕೊಂಡದ್ದು ಏನೆಂದು ತಿಳಿಯಿತು. ತಟ್ಟದೆ ತೆರೆದರೆ ಹುಡುಗನಿಗೆ ಆ ಕ್ಷಣವೇ ಅರ್ಥವಾಗುತ್ತದೆ. ತಟ್ಟಿದರೆ ಅದು ಸುಳ್ಳು. ಹೇಳದೆ ಇರುವುದು ಬೇರೆ, ಸುಳ್ಳು ಹೇಳುವುದು ಬೇರೆ ಎಂಬ ಗೆರೆ ಹಾಕಿಕೊಂಡೇ ಅವನು ಇಷ್ಟು ವರ್ಷ ಆ ಸಾಲಿನಲ್ಲಿ ಹಲ್ಲು ಕಚ್ಚಿ ಬಾಳಿದ್ದ. ಗಲಾಟೆಯವರ ಸಾಲನ್ನು ನೆನೆದು ತಟ್ಟಿದ. ಎರಡು ಸಲ.

“ಬಾ ಅಣ್ಣ, ಬಾಗ್ಲು ತೆಗ್ದೇ ಇದೆ,” ಎಂದ ಏಣಿ. ದಿನವೂ ಹೇಳುತ್ತಿದ್ದ ಹಾಸ್ಯ ಅದು.

“ಹಲ್ಲಿನ ಡಾಕ್ಟರ್ ಬಂದಿದ್ದಾರೆ. ನಡಿ.”

“ಅಬ್ಬಾ! ನನ್ ದವಡೆಗೂ ಕಾಲ ಕೂಡಿ ಬಂತಾ?” ಹುಡುಗ ಎದ್ದವನೇ ಗಿಡ್ಡ ಹಿಡಿಯ ಬ್ರಷ್ ತೆಗೆದುಕೊಂಡು ಮತ್ತೊಮ್ಮೆ ಹಲ್ಲುಜ್ಜಲು ನಿಂತ. “ಒಂದ್ ನಿಮಿಷ ಇರು. ಬಾಯಿ ನಾತ ಹೊಡೆದ್ರೆ ಡಾಕ್ಟರು ಅರ್ಧಕ್ಕೇ ಬಿಟ್ಟು ಓಡ್ತಾರೆ.”

ಪಕ್ಕದ ಕೋಣೆಯ ಬಾಗಿಲ ಕಿಂಡಿಯಿಂದ ಬಟಾಣಿ ಎಂಬ ಚಿಕ್ಕ ಹುಡುಗ ಕೂಗಿದ: “ಏಣಿಯಣ್ಣಾ, ಕಿತ್ತ ಹಲ್ಲು ತಂದು ತೋರ್ಸು!”

“ನಿನ್ ಬಾಯಿಗೇ ಅಂಟಿಸ್ತೀನಿ ಇರೋ!”

ಪಡಸಾಲೆಯ ಕೊನೆಯಲ್ಲಿ ಎರಡು ಕಬ್ಬಿಣದ ಬಾಗಿಲುಗಳಿದ್ದವು. ಮೊದಲನೆಯದು ಮುಚ್ಚದೆ ಎರಡನೆಯದು ತೆರೆಯುತ್ತಿರಲಿಲ್ಲ. ಎರಡರ ನಡುವಿನ ಜಾಗದಲ್ಲಿ ಬೇರೆ ಬಣ್ಣದ ಸಮವಸ್ತ್ರದ ನಾಲ್ವರು ನಿಂತಿದ್ದರು. ಏಣಿ ಅವರನ್ನು ನೋಡಿದ. ಆಮೇಲೆ ತಟ್ಟಣ್ಣನ ಮುಖ ನೋಡಿದ. ಹಿಂದಿನ ಬಾಗಿಲು ಮುಚ್ಚಿಕೊಂಡಿತು.

“ಹಲ್ಲು?” ಎಂದು ಕೇಳಿದ.

“ಅಲ್ಲೂ ಡಾಕ್ಟರ್ ಇರ್ತಾರೆ.”

 ಯಾರೂ ಹೇಳುವ ಮೊದಲೇ ಹುಡುಗ ಬೇಡಿಗೆಂದು ಎರಡೂ ಕೈ ಮುಂದೆ ಚಾಚಿದ. ಅವನ ಕಾಗದದಲ್ಲಿ ಕಪ್ಪು ಚುಕ್ಕೆ ಬೀಳಲಿಲ್ಲ.

“ಬೆಣ್ಣೆಯಿಂದ ಕೂದ್ಲು ತೆಗ್ದ ಹಾಗೆ ಮಾಡಿದ್ಯಲ್ಲಪ್ಪಾ,” ಎಂದು ಮೀಸೆ ಬೆನ್ನು ತಟ್ಟಿದ. ಈ ಸಲ ಅವನ ಮಾತಿನಲ್ಲಿ ಕುಹಕವಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಾಲಿಗೆಲ್ಲ ಗೊತ್ತಾಯಿತು. ಏಣಿಯ ಹಾಸಿಗೆ ಬಿಸಿಲಿಗೆ ಬಂತು, ಕೋಣೆಗೆ ನೀರು ಹೊಡೆದರು. ಊಟದ ತಟ್ಟೆ ಕೊಡುವಾಗ ಬಟಾಣಿ ಕಿಂಡಿಗೆ ಬಾಯಿ ಹಚ್ಚಿ ಕೇಳಿದ: “ಏಣಿಯಣ್ಣ ಎಲ್ಲಿ?”

“ದೊಡ್ಡ ಜೈಲಿಗೆ ಹೋದ.”

“ಹಲ್ಲಿನ ಡಾಕ್ಟರ್ ಅಂದ್ರಿ.”

“ಹೂಂ. ಅಂದೆ.”

ಬಟಾಣಿ ತಟ್ಟೆ ತೆಗೆದುಕೊಂಡು ಒಳಗೆ ಸರಿದ. ಬೆಳಗಿನವರೆಗೂ ‘ನೀನು’ ಎನ್ನುತ್ತಿದ್ದ ಹುಡುಗ ‘ಅಂದ್ರಿ’ ಎಂದದ್ದು ತಟ್ಟಣ್ಣನಿಗೆ ಕೇಳಿಸದೆ ಇರಲಿಲ್ಲ. ಸಿಟ್ಟು, ಎರಡು ದಿನದಲ್ಲಿ ಇಳಿಯುತ್ತದೆ ಎಂದುಕೊಂಡ.

ಎರಡು ದಿನ ಸಿಗಲಿಲ್ಲ. ಮರುದಿನವೇ ಬಟಾಣಿಯ ಕೋರ್ಟಿತ್ತು. ಹದಿನಾಲ್ಕು ವರ್ಷದ ಹುಡುಗ. ಯಾರದೋ ಬೈಕು ಕದ್ದು ಓಡಿಸಿ ಗೋಡೆಗೆ ಗುದ್ದಿದ್ದ. ಆರೋಪ ದೊಡ್ಡದಲ್ಲ, ಕೇಂದ್ರದ ವರದಿಯೂ ಚೆನ್ನಾಗಿತ್ತು. ಹುಡುಗನನ್ನು ಎದುರು ನಿಲ್ಲಿಸಿದರೆ ತಾಯಿಯ ವಶಕ್ಕೆ ಕೊಡುವುದು ಬಹುತೇಕ ಖಚಿತ ಎಂದು ವಕೀಲರು ಹೇಳಿದ್ದರು. ತಾಯಿ ಬೆಳಿಗ್ಗೆಯೇ ಹೊಸ ಅಂಗಿ ಹಿಡಿದುಕೊಂಡು ಗೇಟಿಗೆ ಬಂದಿದ್ದಳು.

ತಟ್ಟಣ್ಣ ತಟ್ಟಿದ. ಒಳಗಿನಿಂದ ದನಿಯಿಲ್ಲ. ಮತ್ತೆ ತಟ್ಟಿ ಕಿಂಡಿಯಲ್ಲಿ ನೋಡಿದ. ಹಾಸಿಗೆ ಮೂಲೆಯಲ್ಲಿ ನೆಟ್ಟಗೆ ನಿಂತಿತ್ತು, ಅದರ ಕೆಳಗೆ ಎರಡು ಬರಿಗಾಲು. ನೆಲ ಫಳಫಳ ಹೊಳೆಯುತ್ತಿತ್ತು. ಹುಡುಗ ಸೋಪು ಕರಗಿಸಿ ನೆಲಕ್ಕೆಲ್ಲ ಬಳಿದಿದ್ದ. ಒಳನುಗ್ಗುವವರ ಕಾಲು ಜಾರಲೆಂದು ಹುಡುಗರು ಕಲಿತ ಹಳೆಯ ಉಪಾಯ ಅದು.

“ಬಟಾಣಿ, ಇವತ್ತು ಕೋರ್ಟ್ ಕಣೋ. ಅಮ್ಮ ಬಂದಿದ್ದಾರೆ.”

“ಏಣಿಯಣ್ಣಂಗೆ ಡಾಕ್ಟರ್ ಅಂದ್ರಿ. ನಂಗೆ ಅಮ್ಮ ಅಂತೀರಾ?” ಹಾಸಿಗೆಯ ಹಿಂದಿನಿಂದಲೇ ಕೂಗಿದ. “ದೂರದ ಕೇಂದ್ರಕ್ಕೆ ಹಾಕ್ತೀರಿ, ನಂಗೊತ್ತು. ಅಲ್ಲಿಗೆ ಬರಕ್ಕೆ ನಮ್ಮಮ್ಮಂಗೆ ಆಗಲ್ಲ.”

“ನನ್ನಾಣೆ, ನಿಜ ಹೇಳ್ತಿದೀನಿ.”

“ನಿನ್ನೇನೂ ಹೀಗೇ ತಟ್ಟಿದ್ರಿ.”

ತಟ್ಟಣ್ಣ ಕಚೇರಿಗೆ ಓಡಿದ. ತಾಯಿಯನ್ನು ಕಿಂಡಿಯವರೆಗೆ ಬಿಡಿ, ಒಂದೇ ಒಂದು ಮಾತು ಆಡಿಸಿ ಎಂದು ಕೇಳಿಕೊಂಡ. ಎರಡನೇ ಬಾಗಿಲು ದಾಟಿ ಹೊರಗಿನವರನ್ನು ಬಿಡುವಂತಿಲ್ಲ ಎಂದರು ಮೇಡಂ. ಕೊನೆಗೆ ಅವನು ತಾಯಿಯ ಕೈಯಿಂದ ಅಂಗಿಯನ್ನಾದರೂ ತಂದು ಕಿಂಡಿಗೆ ಹಿಡಿದ.

“ನೋಡು, ನಿಮ್ಮಮ್ಮ ತಂದಿದ್ದು.”

ಹುಡುಗ ಹಾಸಿಗೆಯ ಅಂಚಿನಿಂದ ಒಂದು ಕಣ್ಣು ಹೊರಹಾಕಿ ನೋಡಿದ. ಅಂಗಿ ಹೊಸದು. ಅವನು ಅದನ್ನು ಹಿಂದೆ ಕಂಡಿರಲಿಲ್ಲ.

“ಯಾರ್ದೋ ಅಂಗಿ,” ಎಂದ.

ಹುಡುಗರನ್ನು ಕೋರ್ಟಿಗೆ ಒಯ್ಯುವ ಬಂಡಿ ಕಾಯುವುದಿಲ್ಲ. ಮೇಡಂ ಕೊಟ್ಟ ಹತ್ತು ನಿಮಿಷ ಮುಗಿದ ಮೇಲೆ ಮೀಸೆಯೂ ಸೇರಿ ನಾಲ್ವರು ಬಂದರು. ತಟ್ಟಣ್ಣನೇ ಮುಂದೆ ನಿಂತ. ತಾನಾದರೆ ಮೆಲ್ಲಗೆ ಹಿಡಿದೇನು ಎಂಬ ಆಸೆ. ಬಾಗಿಲು ತೆರೆಯಿತು. ಮೀಸೆ ಎರಡನೇ ಹೆಜ್ಜೆಗೇ ಜಾರಿ ಕೈಯೂರಿ ಬಿದ್ದ. ಒಣಗಿದ ಕಡ್ಡಿ ಮುರಿದಂಥ ಸದ್ದು ಎಲ್ಲರಿಗೂ ಕೇಳಿಸಿತು. ಹಾಸಿಗೆ ಕಿತ್ತಾಗ ಹುಡುಗ ಬೆಕ್ಕಿನಂತೆ ಹಾರಿ ತಟ್ಟಣ್ಣನ ಹೆಬ್ಬೆರಳ ಬುಡಕ್ಕೆ ಬಾಯಿ ಹಾಕಿದ. ಮೂವರು ಸೇರಿ ಅವನನ್ನು ನೆಲಕ್ಕೆ ಒತ್ತಿ ಹಿಡಿದರು. ಸೋಪಿನ ನೀರು ಅವನ ಕಣ್ಣಿಗೆ, ಬಾಯಿಗೆ ಹೋಯಿತು. ಕೆಮ್ಮುತ್ತಲೇ ಅವನು “ಅಮ್ಮಾ” ಎಂದು ಕಿರುಚುತ್ತಿದ್ದ. ಎರಡು ಬಾಗಿಲುಗಳಾಚೆ ಕೂತಿದ್ದ ತಾಯಿಗೆ ಅದು ಕೇಳಿಸಲಿಲ್ಲ.

ತನ್ನ ಕೈಯ ಗಾಯವನ್ನು ತಟ್ಟಣ್ಣ ಯಾರಿಗೂ ತೋರಿಸಲಿಲ್ಲ, ಕರವಸ್ತ್ರ ಸುತ್ತಿಕೊಂಡ. ಆದರೆ ಮೀಸೆಯ ಮಣಿಕಟ್ಟು ಮುರಿದಿತ್ತು, ಆಸ್ಪತ್ರೆಗೆ ಹೋಗಲೇಬೇಕು. ಆಸ್ಪತ್ರೆಗೆ ಹೋದದ್ದನ್ನು ಬರೆಯದೆ ಬಿಡುವಂತಿಲ್ಲ. ಸಿಬ್ಬಂದಿಯ ಕೈ ಮುರಿದ ಹುಡುಗನನ್ನು ಅದೇ ದಿನ ಜಡ್ಜಿನ ಮುಂದೆ ನಿಲ್ಲಿಸಿ ಮನೆಗೆ ಕಳಿಸಿ ಎನ್ನಲು ಯಾರಿಗೂ ಬಾಯಿರಲಿಲ್ಲ. ಹಾಜರುಪಡಿಸುವ ಸ್ಥಿತಿಯಲ್ಲಿಲ್ಲ ಎಂದು ಕೋರ್ಟಿಗೆ ತಿಳಿಸಿದರು. ಬಂಡಿ ಖಾಲಿ ಹೋಯಿತು.

ತಾಯಿಗೆ ಹೇಳುವ ಕೆಲಸವನ್ನು ತಟ್ಟಣ್ಣ ತಾನಾಗಿಯೇ ಕೇಳಿ ತೆಗೆದುಕೊಂಡ. ಭೇಟಿಯ ಕೋಣೆಯಲ್ಲಿ ನೆಲಕ್ಕೆ ಬಿಗಿದ ಬೆಂಚಿನ ಮೇಲೆ ಅವಳು ಕೂತಿದ್ದಳು. ಅವನು ಹೇಳಿದ್ದನ್ನೆಲ್ಲ ತಡೆಯದೆ ಕೇಳಿದಳು.

“ಅವನಾ? ಕೈ ಮುರಿದಿದ್ದು?” ಎಂದಳು. “ಗಾಳಿ ಬಂದ್ರೆ ಹಾರಿಹೋಗೋ ಹಾಗಿದಾನಲ್ಲಣ್ಣ ಅವನು.”

“ಜಾರಿ ಬಿದ್ರು. ಆದ್ರೆ ಸೋಪು ಹಾಕಿದ್ದು ಅವನೇ.”

ಅವಳ ಕಣ್ಣು ಕರವಸ್ತ್ರದ ಮೇಲೆ ಬಿತ್ತು. “ಇದು?”

ಅವನು ಬಿಗಿದುಕೊಳ್ಳಲು ಹೋದಾಗ ಕರವಸ್ತ್ರ ಸರಿದು ಹಲ್ಲಿನ ಗುರುತು ಕಂಡಿತು.

“ಅಯ್ಯೋ, ಕಚ್ಚಿದ್ನಾ? ನಿಮ್ಮನ್ನಾ?” ಅವಳು ಎದ್ದು ಕೈ ಮುಗಿದಳು. “ತಪ್ಪಾಯ್ತಣ್ಣ, ಹೊಟ್ಟೆಗೆ ಹಾಕ್ಕೊಳ್ಳಿ. ಭೇಟಿಗೆ ಬಂದಾಗೆಲ್ಲ ನಿಮ್ಮದೇ ಮಾತು. ‘ಇಲ್ಲಿ ಒಬ್ರಿದಾರಮ್ಮ, ಕೇಳಿ ಒಳಗೆ ಬರ್ತಾರೆ’ ಅಂತಿದ್ದ. ಅಂಥವರನ್ನ ಕಚ್ಚೋಕೆ ಅವನಿಗೆ ಏನ್ ಬಂದಿತ್ತು?”

“ತಪ್ಪು ಅವನದಲ್ಲಮ್ಮ. ನಿನ್ನೆ ಪಕ್ಕದ ಕೋಣೆ ಹುಡುಗಂಗೆ ನಾನು ಸುಳ್ಳು ಹೇಳಿ ಕರ್ಕೊಂಡು ಹೋದೆ. ಇವನು ಕೇಳಿಸ್ಕೊಂಡಿದ್ದ. ಅದಕ್ಕೇ ಇವತ್ತು ನನ್ನ ನಂಬಲಿಲ್ಲ.”

ಅವಳು ಮುಗಿದ ಕೈಯನ್ನು ನಿಧಾನವಾಗಿ ಕೆಳಗಿಳಿಸಿದಳು.

“ಇದನ್ನ ಜಡ್ಜಿಗೆ ಹೇಳ್ತೀರಾ?”

“ಕೇಳಿದ್ರೆ ಹೇಳ್ತೀನಿ.”

“ಕೇಳ್ತಾರಾ?”

ಆ ಕೋರ್ಟಿನಲ್ಲಿ ಅವನು ಹುಡುಗರ ಪಕ್ಕ ನಿಂತದ್ದು ಅದೆಷ್ಟೋ ಸಲ. ಹುಡುಗ ಏನು ಮಾಡಿದ ಎಂದು ಕೇಳುತ್ತಾರೆ. ಅದರ ಹಿಂದಿನ ದಿನ ಏನಾಗಿತ್ತು ಎಂದು ಕೇಳಿದ್ದನ್ನು ಅವನು ಕಂಡಿರಲಿಲ್ಲ.

“ಇಲ್ಲ,” ಎಂದ.

“ಹಾಗಾದ್ರೆ ಕೇಳದೇನೇ ಹೇಳಿ,” ಎಂದಳು ತಾಯಿ. ಹೇಳುತ್ತೇನೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಹೊರಟು ಬಾಗಿಲ ಬಳಿ ನಿಂತಾಗಿತ್ತು. ಕಾವಲುಗಾರ ಬಂದು ಬೀಗ ತೆಗೆಯಲೆಂದು, ಇತ್ತ ಬೆನ್ನು ಮಾಡಿ ಕಾಯುತ್ತಿದ್ದಳು.