ನಂಜಪ್ಪನವರ ಎಡತೊಡೆಯ ಅಳತೆ

ಚಾಮರಾಜಪೇಟೆಯ ನಂಜಪ್ಪನವರಿಗೆ ನಾಲ್ಕು ತಿಂಗಳಿಂದ ಒಂದೇ ಕೊರಗು. ದಿನವೂ ನೆಲದ ಮೇಲೆ ಕುಳಿತು, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುತ್ತಿದ್ದವರು ಈಗ ಕುರ್ಚಿ ಹಿಡಿದಿದ್ದರು. ಗಾಂಧಿ ಬಜಾರಿನಲ್ಲಿ ಆಟೊ ಇಳಿಯುವಾಗ ಎಡಮಂಡಿ ತಿರುಚಿತ್ತು. ಮೂಳೆ ಮುರಿದಿಲ್ಲ, ಮೂಳೆಗಳನ್ನು ಹಿಡಿದಿಡುವ ಒಳಗಿನ ಕಟ್ಟು, ಅಂದರೆ ಲಿಗಮೆಂಟ್, ಹಿಗ್ಗಿದೆ ಎಂದಿದ್ದರು ಡಾಕ್ಟರು. ನೋವು ಒಂದೂವರೆ ತಿಂಗಳಲ್ಲೇ ಹೋಯಿತು. ಬಲ ಮಾತ್ರ ಬರಲಿಲ್ಲ.

ಪತ್ನಿ ಮಹಾನಂದ ಲಿಂಗೈಕ್ಯರಾಗಿ ವರ್ಷ ತುಂಬಲು ಇನ್ನು ಮೂರೇ ತಿಂಗಳು. ಅಂದಾದರೂ ಆಕೆ ಕೂರುತ್ತಿದ್ದ ಜಾಗದ ಪಕ್ಕದಲ್ಲಿ ನೆಲದ ಮೇಲೆ ಕೂರಬೇಕೆಂದು ಅವರ ಆಸೆ.

"ಅಪ್ಪನನ್ನ ಅಲ್ಲಾಡೋಕೇ ಬಿಟ್ಟಿಲ್ಲ ಕಣೆ. ನೀರೂ ನಾನೇ ತಂದ್ಕೊಡ್ತೀನಿ," ಎಂದು ಮಗಳು ಸರ್ವಮಂಗಳಾ ಮನೆಗೆ ಬಂದಿದ್ದ ಗೆಳತಿ ವಾಣಿಗೆ ಹೆಮ್ಮೆಯಿಂದ ಹೇಳಿದಳು. ವಾಣಿ ಫಿಸಿಯೊಥೆರಪಿಸ್ಟ್. ಪೆಟ್ಟಾದ ಮಂಡಿ ಹೇಗೆ ಚೇತರಿಸಿಕೊಳ್ಳುತ್ತದೆ ಎಂಬ ಸಂಶೋಧನೆಯಲ್ಲಿ ಕೆಲಸ ಮಾಡುತ್ತಿದ್ದಳು.

"ಅಂಕಲ್, ಎರಡೂ ತೊಡೆ ಅಳೀಲಾ?"

"ಪೆಟ್ಟು ಬಿದ್ದಿದ್ದು ಮಂಡಿಗಮ್ಮಾ. ನಿಮ್ಮ ಸಂಶೋಧನೆ ಅಡ್ರೆಸ್ ತಪ್ಪಿ ಬಂದಿದೆ."

ವಾಣಿ ನಗುತ್ತಲೇ ಟೇಪು ಹಿಡಿದಳು. "ಎಡಗಡೆ ಒಂದೂವರೆ ಇಂಚು ಕಮ್ಮಿ."

ನಂಜಪ್ಪ ನಲವತ್ತು ವರ್ಷ ಪೇಟೆಯಲ್ಲಿ ಜುಬ್ಬಾ ಹೊಲಿಸಿ ಮಾರಿದವರು. ಇನ್ನೊಬ್ಬರ ಅಳತೆ ಒಪ್ಪಿದವರೇ ಅಲ್ಲ. "ಟೇಪನ್ನ ಒಂದು ಕಾಲಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಹಿಡಿದಿದೀಯ. ಕೊಡಿಲ್ಲಿ," ಎಂದು ಚಾಕ್ ತರಿಸಿ, ಎರಡೂ ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ ಅಡ್ಡಗೆರೆ ಎಳೆದರು. ಅಳೆದರು. ಮತ್ತೆ ಅಳೆದರು.

"ಒಂದೂಮುಕ್ಕಾಲು," ಎಂದರು ಮೆಲ್ಲಗೆ. "ನೋವೇ ಇಲ್ವಲ್ಲಮ್ಮ. ಇಷ್ಟು ಮಾಂಸ ಎಲ್ಲಿ ಹೋಯ್ತು?"

"ಮಂಡಿಗೆ ಪೆಟ್ಟಾದ್ರೆ ತೊಡೆ ಸ್ನಾಯು ಸೊರಗುತ್ತೆ. ಕೆಲಸ ಕೊಡದಿದ್ರೆ ಇನ್ನೂ ಸೊರಗುತ್ತೆ. ಡಾಕ್ಟರು ವ್ಯಾಯಾಮದ ಚೀಟಿ ಕೊಟ್ಟಿರ್ಲಿಲ್ವಾ?"

ಸರ್ವಮಂಗಳಾಳ ಮುಖ ಸಣ್ಣಗಾಯಿತು. "ಕೊಟ್ಟಿದ್ರು. ನೋವು ನಿಂತ್ಮೇಲೆ ಇನ್ಯಾಕೆ ಅಂತ ನಾನೇ ಬಿಡಿಸ್ದೆ."

"ನಿಮ್ಮಮ್ಮ ಇದ್ದಿದ್ರೆ, ‘ನೀರು ಬೇಕಾದ್ರೆ ಎದ್ದು ಕುಡೀರಿ’ ಅಂತಿದ್ಲು," ಎಂದರು ನಂಜಪ್ಪ. ಮತ್ತೆ ವಾಣಿಯ ಕಡೆ ತಿರುಗಿ, "ಮುಂದೆ ಈ ಮಂಡಿ ಸವೆಯುತ್ತಾ?" ಎಂದು ಕೇಳಿದರು.

"ಪೆಟ್ಟಾದ ಮಂಡಿಗೆ ಆ ಅಪಾಯ ಜಾಸ್ತಿ. ಆದ್ರೆ ಎಲ್ರಿಗೂ ಹಾಗಾಗಲ್ಲ. ಯಾಕೆ ಕೆಲವರಿಗೆ ಮಾತ್ರ ಅನ್ನೋದು ನಮಗೂ ಪೂರ್ತಿ ಗೊತ್ತಿಲ್ಲ. ಅದಕ್ಕೇ ಪೆಟ್ಟಾದವರನ್ನ ಸಂಶೋಧನೆಗೆ ಸೇರಿಸ್ಕೊಂಡು ಎರಡು ವರ್ಷ ಅಳೀತಾ ಇರ್ತೀವಿ. ನೀವು ಸೇರಲೇಬೇಕು ಅಂತೇನಿಲ್ಲ."

ಗೊತ್ತಿಲ್ಲವೆಂದು ಒಪ್ಪಿಕೊಂಡದ್ದು ನಂಜಪ್ಪನವರಿಗೆ ಹಿಡಿಸಿತು. "ನನ್ನನ್ನೂ ಬರ್ಕೊ. ಮೂರು ತಿಂಗಳಲ್ಲಿ ನೆಲದ ಮೇಲೆ ಕೂರ್ತೀನಾ?"

"ಮಾತು ಕೊಡಲ್ಲ ಅಂಕಲ್. ಡಾಕ್ಟರಿಗೆ ಮತ್ತೊಮ್ಮೆ ತೋರಿಸಿ, ಶುರು ಮಾಡಿ."

ಡಾಕ್ಟರು ಹೂಂ ಎಂದರು. ದಿನವೂ ಮಂಡಿ ಚಾಚುವುದು, ಮಡಿಸುವುದು, ಕೈಯೂರದೆ ಕುರ್ಚಿಯಿಂದ ಏಳುವುದು. ಮೊದಲ ವಾರ ನಂಜಪ್ಪ ಬೈದುಕೊಂಡೇ ಮಾಡಿದರು. ಆಮೇಲೆ, ಇವತ್ತು ಎಷ್ಟು ಸಲ ಎದ್ದೆ ಎಂದು ತಾವೇ ಎಲ್ಲರಿಗೂ ಹೇಳತೊಡಗಿದರು.

ವರ್ಷದ ದಿನ ಎಡಗಾಲನ್ನು ಪೂರ್ತಿ ಮಡಿಸಲಾಗಲಿಲ್ಲ. ಅದನ್ನು ಕೊಂಚ ಚಾಚಿಕೊಂಡೇ, ಮಹಾನಂದ ಕೂರುತ್ತಿದ್ದ ಜಾಗದ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಪೂಜೆ ಮುಗಿದಾಗ ಸರ್ವಮಂಗಳಾ ಕೈ ಚಾಚಲು ಹೋಗಿ, ತಡೆದುಕೊಂಡು ನಿಂತಳು. ನಂಜಪ್ಪ ನಿಧಾನವಾಗಿ ತಾವೇ ಎದ್ದರು.

ನಿಮ್ಮ ಮಂಡಿಗೂ ಪೆಟ್ಟಾಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ನೋವು ನಿಂತಿತೆಂದು ಅವರು ಹೇಳಿದ ವ್ಯಾಯಾಮ ನಿಲ್ಲಿಸಬೇಡಿ. ಊತ ಬಂದರೆ, ನೋವು ಮರುಕಳಿಸಿದರೆ ಮತ್ತೆ ಹೋಗಿ ಕೇಳಿ. ಮನೆಯಲ್ಲಿ ಅಂಥವರಿದ್ದರೆ, ಅವರು ನಡೆಯಬೇಕಾದ ನಾಲ್ಕು ಹೆಜ್ಜೆಯನ್ನು ಪ್ರೀತಿಯಿಂದ ಅವರಿಗೇ ಬಿಡಿ.