ಸಿಂಕಿಗೆ ಹೋದ ಸಾರು

ನಾನೊಂದು ಹಿತ್ತಾಳೆಯ ತೂತಿನ ತಟ್ಟೆ. ನಾಗಮಂಗಲದ ಕಂಚುಗಾರನೊಬ್ಬ ನನ್ನನ್ನು ಮೊರದಗಲ ಬಡಿದು, ಮೈತುಂಬ ತೂತು ಕೊರೆದ. ಇಷ್ಟೊಂದು ತೂತಿಟ್ಟುಕೊಂಡು ಬಾಳುವುದು ಹೇಗಪ್ಪಾ ಎಂದು ಆಗ ಕೊರಗಿದ್ದೆ.

ಮದುವೆಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ಕಾಳಮ್ಮ ನನ್ನನ್ನು ಕೊಂಡಳು, ಕೊರಗು ಹೋಯಿತು. ಕೆಂಪು ದಂಟಿನ ಸೊಪ್ಪು, ಕಾಳು ಬೆಂದ ಪಾತ್ರೆಯ ಬಾಯಿಗೆ ನನ್ನನ್ನು ಒತ್ತಿ ಹಿಡಿದು ಬಗ್ಗಿಸುವಳು. ಕಡುಗೆಂಪು ನೀರು ನನ್ನ ತೂತುಗಳಿಂದ ಬೋಗುಣಿಗೆ ಇಳಿಯುವುದು. ಅದಕ್ಕೆ ಕಾಯಿ, ಬೆಳ್ಳುಳ್ಳಿ, ಮೆಣಸು ರುಬ್ಬಿ ಹಾಕಿದರೆ ಬಸ್ಸಾರು. ಉಳಿದ ಸೊಪ್ಪು ಪಲ್ಯ. ಅಬ್ಬಾ, ಆ ಘಮ!

ಕಾಳಮ್ಮನ ನಂತರ ಮಗಳು ಜವರಮ್ಮನ ಕೈ ಸೇರಿದೆ. ಅವಳಿಗೆ ಗಾರ್ಮೆಂಟ್ಸ್ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಸ್ಟೀಲಿನ ಜಾಲರಿ ಇದ್ದುದರಿಂದ ನಾನು ಅಟ್ಟ ಹತ್ತಿದೆ.

ಹತ್ತೇ ದಿನಕ್ಕೆ ಜವರಮ್ಮ ಅಳುತ್ತ ಬಂದಳು. ಮೇಲ್ವಿಚಾರಕಿ ಸುನಂದಾ ಮೇಡಂ, ಬಸಿದ ನೀರು ಕೊಳಕು, ಸಿಂಕಿಗೆ ಚೆಲ್ಲಿ ಅಂದಿದ್ದರಂತೆ. ಹೊಸ ಕೆಲಸ, ಎದುರಾಡಲು ಹೆದರಿ ಇವಳೂ ಚೆಲ್ಲಿದ್ದಳಂತೆ. ಸಾರು ಸಪ್ಪೆಯಾಗಿ ಹೊಲಿಗೆಯ ಹೆಣ್ಣುಮಕ್ಕಳು ತಟ್ಟೆಯಲ್ಲೇ ಬಿಟ್ಟೆದ್ದರಂತೆ. ನಾಳೆಯೂ ಹೀಗಾದರೆ ಕೆಲಸವೇ ಇಲ್ಲ ಎಂದು ಮೇಡಂ ಗದರಿದರಂತೆ!

“ಹೋಗೋದೇ ಆದ್ರೆ ನಮ್ಮವ್ವನ ಸಾರು ಮಾಡೇ ಹೋಯ್ತೀನಿ” ಎಂದು ಕಣ್ಣೊರೆಸಿಕೊಂಡು ನನ್ನನ್ನು ಇಳಿಸಿದಳು.

ಮರುದಿನ ಕ್ಯಾಂಟೀನಿನಲ್ಲಿ ನನ್ನನ್ನು ಹಿಡಿದು ಬಸಿಯುವಾಗಲೇ ಮೇಡಂ ಬಂದರು. “ಚೆಲ್ಲಿ ಅಂದಿರ್ಲಿಲ್ವಾ?”

“ಮೊದ್ಲು ರುಚಿ ನೋಡಿ ಮೇಡಂ. ಆಮ್ಯಾಕೆ ನನ್ನ ಕಳ್ಸಿ.” ಜವರಮ್ಮ ನನ್ನನ್ನು ಇನ್ನಷ್ಟು ಒತ್ತಿ ಹಿಡಿದು ಪಾತ್ರೆ ಬಗ್ಗಿಸಿದಳು.

ಊಟಕ್ಕೆಂದು ಅಂದು ಬೇಗನೇ ಬಂದಿದ್ದ ಕಾರ್ಖಾನೆಯ ಡಾಕ್ಟರಮ್ಮ ಬೋಗುಣಿಗೆ ಇಣುಕಿದರು. “ಈ ಬಣ್ಣಾನ ಚೆಲ್ತಿದ್ರಾ? ಸೊಪ್ಪಲ್ಲಿರೋ ಆಂಟಿಆಕ್ಸಿಡೆಂಟು ಬೇಯುವಾಗ ಒಂದಷ್ಟು ಇದಕ್ಕೇ ಇಳಿದಿರುತ್ತೆ. ಮೈಯೊಳಗಿನ ಜೀವಕಣಗಳು ಕೆಡದ ಹಾಗೆ ಕಾಯೋದು ಅದೇ ಕಣ್ರೀ.”

ನನ್ನ ಕಾಳಮ್ಮ ಆ ಹೆಸರು ಕೇಳಿರಲೇ ಇಲ್ಲ. ಆದರೂ ಎಂಥ ಜಾಣೆ!

ಸುನಂದಾ ಮೇಡಂ ಬಸ್ಸಾರು ಹಾಕಿಸಿಕೊಂಡು ಊಟಕ್ಕೆ ಕೂತರು. ಒಂದು ಮುದ್ದೆ ಮುಗಿಸಿ ಇನ್ನೊಂದು ಹಾಕಿಸಿಕೊಂಡರು. ಅಂದು ಯಾರ ತಟ್ಟೆಯಲ್ಲೂ ಸಾರು ಉಳಿಯಲಿಲ್ಲ.

ಈಗ ನನ್ನ ಅಂಚು ಸೀಳಿದೆ. ಕ್ಯಾಂಟೀನಿನ ಸಿಂಕಿನ ಮೇಲಿನ ಮೊಳೆಗೆ ನೇತಾಡುತ್ತೇನೆ. ನನ್ನ ಅಳತೆಗೇ ಹೊಸ ತಟ್ಟೆ ಮಾಡಿಸಿದ್ದಾರೆ. ಜವರಮ್ಮ ಬಸಿಯುವಾಗ ಬೋಗುಣಿ ಹಿಡಿಯುವವರು ಸುನಂದಾ ಮೇಡಂ.

“ಜವರಮ್ಮೋರೇ, ನಿಧಾನ. ಒಂದು ತೊಟ್ಟೂ ಚೆಲ್ಲಬಾರದು” ಅನ್ನುತ್ತಾರೆ.