ಸೊರಬದಿಂದ ಬಂದ ಕಾರ್ಡು

ಶಾಂತವೀರಪ್ಪನವರು ಯಾರನ್ನೂ ಮೊದಲ ಮಾತಿಗೇ ನಂಬಿದವರಲ್ಲ. ನಂಬಿದ್ದರೆ ಶಿಕಾರಿಪುರದ ಸುತ್ತಮುತ್ತ ಅಷ್ಟು ವರ್ಷ ಎತ್ತಿನ ದಲ್ಲಾಳಿಯಾಗಿ ಬದುಕುವುದು ಆಗುತ್ತಿತ್ತೇ? ಅರ ಹಾಕಿ ಹಲ್ಲು ತಿದ್ದಿದ ಮುದಿ ಎತ್ತನ್ನು ಎಳೇ ಹೋರಿಯೆಂದು ಮಾರುವವರನ್ನು ನೋಡಿದ್ದರು. ಹೊಟ್ಟೆ ತುಂಬ ನೀರು ಕುಡಿಸಿ, ಮೈಗೆ ಎಣ್ಣೆ ಸವರಿ ಸಂತೆಗೆ ಹೊಡೆದು ತರುವವರನ್ನು ನೋಡಿದ್ದರು. ಅವರು ಎತ್ತಿನ ಬಾಯಿ ತೆಗೆಸಿ ಒಮ್ಮೆ ಬೆರಳಾಡಿಸಿದರೆಂದರೆ ಕೊಳ್ಳುವವನೂ ಮಾರುವವನೂ ಇಬ್ಬರೂ ಉಸಿರು ಹಿಡಿದು ನಿಲ್ಲುತ್ತಿದ್ದರು.

ಅದೆಲ್ಲ ಆಗಿಹೋದ ಕತೆ. ಟ್ರ್ಯಾಕ್ಟರಿಗೆ ಹಲ್ಲಿಲ್ಲ. ಈಗ ಯಾರೂ ಅವರನ್ನು ಕರೆದು “ಸ್ವಲ್ಪ ನೋಡಿ ಹೇಳ್ರಿ” ಅನ್ನುತ್ತಿರಲಿಲ್ಲ. ಮನೆಗೆ ಫ್ರಿಜ್ಜು ತರುವಾಗಲೂ ಹೆಂಡತಿ ರಾಜೇಶ್ವರಮ್ಮ ಮತ್ತು ಮಗಳು ಸೌಂದರ್ಯ ಇಬ್ಬರೇ ಕೂತು ಫೋನಿನಲ್ಲಿ ಒತ್ತಿ ತರಿಸಿದ್ದರು. ಫ್ರಿಜ್ಜು ಬಂದ ದಿನ ಶಾಂತವೀರಪ್ಪನವರು ಅದರ ಬಾಗಿಲನ್ನು ನಾಲ್ಕು ಸಲ ತೆಗೆದು ಹಾಕಿದರು. ಯಾರೂ ಅಭಿಪ್ರಾಯ ಕೇಳಲಿಲ್ಲ.

ಹಾಗಾಗಿ ಸೌಂದರ್ಯ ಒಂದು ಬೆಳಿಗ್ಗೆ “ಅಪ್ಪಾಜಿ, ಕಂಪ್ಯೂಟರಿಗೆ ಸಾಮಾನು ತಗೋಬೇಕು, ನೀವೂ ಬರ್ರಿ, ನನಗ ಟೋಪಿ ಹಾಕ್ತಾರೆ” ಅಂದಾಗ ಅವರು ಮರುಮಾತಾಡದೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು.

ಆ ಕಂಪ್ಯೂಟರು ಮಗಳು ಹೈಸ್ಕೂಲಿನಲ್ಲಿದ್ದಾಗ ತಂದದ್ದು. ಈಗ ಅವಳು ಬಿ.ಕಾಂ. ಕೊನೇ ವರ್ಷ. ಸಂಜೆ ಬೀದಿಯ ಮಕ್ಕಳಿಗೆ ಟ್ಯೂಷನ್ ಹೇಳಿ, ಅದಾದ ಮೇಲೆ ಬೇರೆ ಬೇರೆ ಊರಿನ ನಾಲ್ವರು ಗೆಳೆಯರೊಂದಿಗೆ ಗುಂಡು ಹಾರಿಸುವ ಆಟ ಆಡುತ್ತಿದ್ದಳು. ಆಟವೆಂದರೆ ಬರೀ ಆಟವಲ್ಲ, ತಂಡ ಕಟ್ಟಿಕೊಂಡು ಪಂದ್ಯಕ್ಕೆ ಇಳಿಯುವಷ್ಟು. ಕಂಪ್ಯೂಟರೋ, ಶತ್ರು ಎದುರಿಗೆ ಬಂದ ಹೊತ್ತಿಗೇ ಸರಿಯಾಗಿ ಉಚ್ಚೆ ಹೊಯ್ಯಲು ನಿಂತ ಎತ್ತಿನ ಹಾಗೆ ನಿಂತುಬಿಡುತ್ತಿತ್ತು. ಟ್ಯೂಷನ್ನಿನ ದುಡ್ಡು ಕೂಡಿಟ್ಟಿದ್ದಳು. ಹೊಸ ಕಂಪ್ಯೂಟರಿಗೆ ಅದು ಸಾಲದು, ಹಳೆಯದನ್ನೇ ಚುರುಕು ಮಾಡಬೇಕು.

ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯ ಸಂಗಮೇಶ, ಅವರು ಹೊತ್ತು ತಂದ ಕಂಪ್ಯೂಟರಿನ ಪೆಟ್ಟಿಗೆಯ ಒಳಗೆ ಟಾರ್ಚ್ ಬಿಟ್ಟು ನೋಡಿ ನಾಲಿಗೆ ಲೊಚಗುಟ್ಟಿದ.

“ಬೋರ್ಡೇ ಬದ್ಲಿ ಮಾಡ್ಬಿಡಿ ಮೇಡಂ. ಬೋರ್ಡು, ಪ್ರೊಸೆಸರು, ಎಸ್‌ಎಂಪಿಎಸ್ಸು…”

“ಎತ್ತು ಕೊಡಪ್ಪಾ ಅಂದ್ರ ಕೊಟ್ಟಿಗೀನ ಕೆಡವು ಅಂತಾನಲ್ಲವ್ವಾ ಇವ!” ಅಂದರು ಶಾಂತವೀರಪ್ಪ, ಸಂಗಮೇಶನಿಗೆ ಕೇಳುವ ಹಾಗೇ.

ಸೌಂದರ್ಯ ಮೊದಲೇ ಲೆಕ್ಕ ಹಾಕಿ ಬಂದಿದ್ದಳು. ತೆವಳುವ ಹಾರ್ಡ್ ಡಿಸ್ಕಿನ ಬದಲು ಒಂದು ಎಸ್‌ಎಸ್‌ಡಿ, ಇದ್ದ ರ‍್ಯಾಮಿನ ಜೊತೆಗೆ ಇನ್ನೊಂದು ರ‍್ಯಾಮ್. ಇವೆರಡು ಹೊಸವು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಮಾತ್ರ ಹೊಸದು ಕೈಗೆಟುಕದು. ಅದನ್ನು ಯಾರಾದರೂ ಬಳಸಿದ್ದೇ ಕೊಳ್ಳಬೇಕು. ಅವಳ ಆಟಗಾರರ ವಾಟ್ಸಾಪ್ ಗ್ರೂಪಿನಲ್ಲಿ ಸೊರಬದ ಹೇಮಂತ್ ಎಂಬ ಹುಡುಗ ಒಂದು ಕಾರ್ಡು ಮಾರುವುದಿದೆ ಎಂದು ಹಾಕಿದ್ದ.

“ಬಳಸಿದ್ದು” ಅಂದ ಕೂಡಲೇ ಶಾಂತವೀರಪ್ಪನವರ ಕಿವಿ ನಿಮಿರಿತು. ಇದು ತಮ್ಮ ಇಲಾಖೆ.

*

ಸೊರಬದಲ್ಲಿ ಹೇಮಂತನ ಅಪ್ಪ ಗುತ್ಯಪ್ಪ ಜಗಲಿಗೇ ಬಂದು ಸ್ವಾಗತಿಸಿದರು. “ಬನ್ನಿ ಬನ್ನಿ, ಕೂತ್ಕಳಿ. ಎಂತ ಕುಡಿತೀರಿ ಮಾರಾಯ್ರೆ? ವರದಾ, ಕಾಫಿ ಇಡೇ.”

ಮಾಲು ತೋರಿಸುವ ಮೊದಲೇ ಕಾಫಿ. ಶಾಂತವೀರಪ್ಪನವರು ಇದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡರು.

“ಕುಡಿಯೋದು ಆಮ್ಯಾಲೆ ಇದ್ದದ್ದೇ. ಮೊದ್ಲು ಹೂಡಿ ತೋರ್ಸ್ರಿ.”

ಹೇಮಂತ ತನ್ನ ಕಂಪ್ಯೂಟರಿನಲ್ಲಿ ಕಾರ್ಡು ಹಾಕಿ ಆಟ ಓಡಿಸಿ ತೋರಿಸಿದ. ಸೌಂದರ್ಯಳ ಮುಖ ಅರಳಿತು. ಶಾಂತವೀರಪ್ಪನವರು ಪರದೆಯನ್ನು ನೋಡಲೇ ಇಲ್ಲ, ಹುಡುಗನ ಮುಖವನ್ನೇ ನೋಡುತ್ತಿದ್ದರು.

“ಯಾಕ ಮಾರ್ತಿ?”

“ಹೊಸದು ತಗೊಂಡೆ ಅಂಕಲ್. ಮದುವೆ ವಿಡಿಯೋ ಎಡಿಟಿಂಗ್ ಮಾಡ್ತೀನಿ. ಅದಕ್ಕೆ ಇದು ಸಾಲ್ತಿಲ್ಲ.”

“ಅಂದ್ರ ಹಗಲೆಲ್ಲಾ ದುಡಿದೈತಿ, ಸಂಜೀಗೆ ಆಟಾನೂ ಆಡೈತಿ.”

“ಅಪ್ಪಾಜಿ…” ಸೌಂದರ್ಯ ಮೆಲ್ಲಗೆ ಅಂಗಿ ಜಗ್ಗಿದಳು.

ಕಾರ್ಡನ್ನು ಕಳಚಿ ಕೈಗೆ ಕೊಟ್ಟಾಗ ಅವರು ಕನ್ನಡಕ ಏರಿಸಿ ತಿರುವಿ ತಿರುವಿ ನೋಡಿದರು. ಕೆಳಗಡೆ ಸಾಲಾಗಿ ಚಿನ್ನದ ಬಣ್ಣದ ಗೆರೆಗಳು.

“ಇವು ಏನು, ಇದರ ಹಲ್ಲಾ?”

ಹೇಮಂತ ನಕ್ಕ. “ಹಂಗೇ ಅನ್ಕೊಳ್ಳಿ ಅಂಕಲ್. ಬೋರ್ಡಿಗೆ ಕಚ್ಚೋದು ಅಲ್ಲೇ.”

“ಎಷ್ಟು ಸಲ ಕಿತ್ತು ಹಾಕೀಯಪ್ಪಾ?” ಮೂಲೆಯ ಹಲ್ಲಿನ ಮೇಲೆ ಕೂದಲೆಳೆಯಷ್ಟು ಗೀರಿತ್ತು. ಅದನ್ನೂ ನೆನಪಿನಲ್ಲಿಟ್ಟರು. “ಇಷ್ಟು ಸ್ವಚ್ಛ ಐತಲ್ಲ, ಏನು ಮೈ ತೊಳ್ದೀಯಾ?”

“ಬ್ರಶ್ಶಲ್ಲಿ ಒರೆಸಿದೆ. ಧೂಳಿದ್ರೆ ನೀವು ಬೈತಿದ್ರಿ.”

“ಧೂಳಿದ್ರ ಎಲ್ಲೆಲ್ಲಿ ಐತಿ ಅಂತಾದ್ರೂ ಗೊತ್ತಾಗ್ತಿತ್ತು.”

“ನಮ್ಮಪ್ಪಾಜಿ ಎತ್ತಿನ ದಲ್ಲಾಳಿ” ಎಂದು ಸೌಂದರ್ಯ ಕ್ಷಮೆ ಕೇಳುವ ದನಿಯಲ್ಲಿ ಹೇಳಿದಳು. ಅದನ್ನು ಕೇಳಿ ಗುತ್ಯಪ್ಪ ನೆಟ್ಟಗೆ ಕೂತರು. “ಓ ಹೌದನಾ! ಮತ್ತೆ ಹೇಳೂದೆಂತ, ಎಲ್ಲಾ ತಿಳಿದವರೇ.”

ಹಳೇ ಕಂಪ್ಯೂಟರುಗಳಲ್ಲಿ ಈ ಕಾರ್ಡಿಗೆ ಕರೆಂಟು ಕೊಡುವ ಪಿನ್ನೇ ಇರುವುದಿಲ್ಲವಂತೆ. ಅದಕ್ಕೊಂದು ಜೋಡಿಸುವ ವೈರು ಬೇಕು. ಹೇಮಂತನೂ ಅದರಲ್ಲೇ ಓಡಿಸುತ್ತಿದ್ದ. “ಈ ವೈರನ್ನೂ ಬಾಕ್ಸಲ್ಲೇ ಇಟ್ಟಿರ್ತೀನಿ” ಎಂದು ಸೌಂದರ್ಯಳಿಗೆ ತೋರಿಸಿ, ಕಾರ್ಡಿನ ಪಕ್ಕಕ್ಕೆ ಸುತ್ತಿ ಇಟ್ಟ. ವ್ಯಾಪಾರ ಕುದುರಿತು. ಅಷ್ಟರಲ್ಲಿ ಗುತ್ಯಪ್ಪ ಎದ್ದು ಬಾಕ್ಸನ್ನು ಎತ್ತಿಕೊಂಡರು.

“ತಡೀರಿ, ದೇವರ ಮುಂದೆ ಇಟ್ಟು ಕೊಡ್ತೇನೆ.”

ಬಾಕ್ಸು ಒಳಗೆ ಹೋಯಿತು. ಶಾಂತವೀರಪ್ಪನವರು ಕತ್ತು ಚಾಚಿದರು. ನಡುಮನೆಯ ಪರದೆ ಬಿಟ್ಟರೆ ಏನೂ ಕಾಣಲಿಲ್ಲ. ವರದಮ್ಮ ಕಾಫಿ ತಂದು ಅಡ್ಡ ನಿಂತರು. ಬಾಕ್ಸು ಹೊರಗೆ ಬಂದಾಗ ಮೇಲೆ ಕುಂಕುಮ ಇತ್ತು, ಬಾಯಿಗೆ ಟೇಪೂ ಬಿದ್ದಿತ್ತು.

ಬಸ್ಸಿನಲ್ಲಿ ಅವರು ಅದನ್ನು ಮೂರು ಸಲ ಅಂಗೈ ಮೇಲಿಟ್ಟು ತೂಗಿದರು. “ಬಿಚ್ಚಿ ನೋಡಾಣೇನವ್ವಾ?”

“ಬಸ್ಸಿನಾಗ ಬ್ಯಾಡ್ರಿ ಅಪ್ಪಾಜಿ, ಎಲ್ಲಾರೂ ನೋಡ್ತಾರೆ.”

*

ಮನೆಗೆ ಬಂದು ಟೇಪು ಹರಿದರೆ ಕಾರ್ಡಿತ್ತು, ವೈರಿರಲಿಲ್ಲ.

ಸೌಂದರ್ಯ ಬಾಕ್ಸನ್ನು ತಲೆಕೆಳಗು ಮಾಡಿ ಕೊಡವಿದಳು. ಶಾಂತವೀರಪ್ಪನವರು ಕಾರ್ಡನ್ನು ದೀಪಕ್ಕೆ ಹಿಡಿದರು. ಮೂಲೆಯ ಹಲ್ಲಿನ ಮೇಲೆ ಆ ಗೀರು ಇದ್ದೇ ಇತ್ತು. ಮಾಲು ಬದಲಾಗಿಲ್ಲ. ಹಾಗಾದರೆ ವೈರು?

ಸೌಂದರ್ಯ ಫೋನು ಮಾಡಿದಳು. “ನಾನೇ ಇಟ್ಟಿದ್ದೆ ಅಲ್ವಾ, ನಿಮ್ಮೆದುರಿಗೇ” ಅಂದ ಹೇಮಂತ.

“ಕೇಳ್ದೇನು?” ಶಾಂತವೀರಪ್ಪನವರು ಮಗಳಿಗೆ ಬಿಡಿಸಿ ಹೇಳಿದರು. “ನಮ್ಮೆದುರಿಗೆ ಇಟ್ಟದ್ದು ಯಾಕ? ನಂಬ್ಲಿ ಅಂತ. ಒಳಗ ಒಯ್ದದ್ದು ಯಾಕ? ತಗೀಲಿ ಅಂತ. ಈಗ ನಾವು ಮತ್ತ ಹೋಗಿ ಕೈ ಒಡ್ಡಬೇಕು, ಅವ ಅದಕ್ಕೊಂದು ರೇಟು ಹೇಳ್ತಾನ. ಕಳ್ಳ ಅದಾನವ್ವಾ ಹುಡುಗ. ಕಾಫಿ ತಂದಾಗ್ಲೇ ಅನ್ಕೊಂಡೆ.”

“ಖರೇನಾ ಅಪ್ಪಾಜಿ?”

“ನನ್ನ ಕಣ್ಣು ಯಾವತ್ತರ ತಪ್ಪೈತೇನು?”

ಮಗಳು ಇಲ್ಲವೆಂದು ತಲೆಯಾಡಿಸಿದಳು. ಎಷ್ಟೋ ವರ್ಷದ ಮೇಲೆ ಒಬ್ಬರು ತಮ್ಮ ಮಾತಿಗೆ ಹಾಗೆ ತಲೆಯಾಡಿಸಿದ್ದು. ಶಾಂತವೀರಪ್ಪನವರಿಗೆ ಊಟ ರುಚಿಸಿತು.

“ಅಂಥಾ ವೈರು ಅಂಗಡ್ಯಾಗೂ ಸಿಗ್ತೈತಂತ, ತಂದ್ರ ಮುಗೀತಲ್ಲ” ಅಂದರು ರಾಜೇಶ್ವರಮ್ಮ.

“ಇದು ವೈರಿನ ಮಾತಲ್ಲ” ಅಂದರು ಶಾಂತವೀರಪ್ಪ. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಒಬ್ಬರೇ ಹೊರಟರು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸುವಷ್ಟರಲ್ಲಿ ಬೈಗುಳವೆಲ್ಲ ಬಾಯಿಪಾಠವಾಗಿತ್ತು.

*

ಹೇಮಂತ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದ. ಮುಖ ಬಾಡಿತ್ತು. ಇವರನ್ನು ಕಂಡವನೇ, ಬನ್ನಿ ಎನ್ನಲೂ ಇಲ್ಲದೆ, ಫೋನನ್ನು ಮುಖದ ಮುಂದೆ ಹಿಡಿದ.

“ಓದಿ ಅಂಕಲ್. ನಿಮ್ಮ ಮಗಳು ಹಾಕಿದ್ದು.”

ಗ್ರೂಪಿನಲ್ಲಿ ಸೌಂದರ್ಯ ಬರೆದಿದ್ದಳು: ಸೊರಬದ ಹೇಮಂತನ ಹತ್ತಿರ ಯಾರೂ ಏನೂ ಕೊಳ್ಳಬೇಡಿ. ನಮ್ಮ ಅಪ್ಪಾಜಿ ಮಾಲು ನೋಡುವುದರಲ್ಲಿ ಎಂದೂ ಸೋತವರಲ್ಲ. ಅವರೇ ಹೇಳಿದ್ದಾರೆ, ಇವನು ಮೋಸಗಾರ.

ಎಂದೂ ಸೋತವರಲ್ಲ! ನಿಜ ಹೇಳಬೇಕೆಂದರೆ ಶಾಂತವೀರಪ್ಪನವರ ಎದೆ ಮೊದಲು ಹಿಗ್ಗಿತು. ಆಮೇಲೆ ಕೆಳಗಿನದನ್ನು ಓದಿದರು. ಹೇಮಂತನ ಹಳೇ ಮಾನಿಟರು ಕೊಳ್ಳಬೇಕಿದ್ದವನು ಬೇಡ ಅಂದಿದ್ದ. ತನ್ನ ಅಕ್ಕನ ಮದುವೆಯ ವಿಡಿಯೋ ಕೊಟ್ಟಿದ್ದ ಒಬ್ಬ, ಅದನ್ನು ವಾಪಸು ಕೊಡು, ಬೇರೆಯವರ ಹತ್ತಿರ ಮಾಡಿಸುತ್ತೇನೆ ಅಂದಿದ್ದ.

“ವೈರು ಎಲ್ಲಿ ಐತಪ್ಪಾ ಹಂಗಾರ?” ದನಿ ಏರಿಸಿದರೂ ಬಾಯಿಪಾಠ ಮರೆತುಹೋಗಿತ್ತು.

“ನಂಗೊತ್ತಿಲ್ಲ ಅಂಕಲ್! ದೇವ್ರಾಣೆ ಇಟ್ಟಿದ್ದೆ!”

ಗಲಾಟೆ ಕೇಳಿ ಗುತ್ಯಪ್ಪ ಕೊಟ್ಟಿಗೆಯ ಕಡೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. “ಓ, ಬಂದ್ರಾ! ಎಂತ, ಓಡ್ತಾ ಕಾರ್ಡು?”

“ವೈರಿಲ್ದ ಹೆಂಗ ಓಡ್ತೈತ್ರೀ?”

“ವೈರು ಇಲ್ಲೇ ಉಂಟಲ್ಲ. ನಾನೇ ತೆಗ್ದು ಗೂಟಕ್ಕೆ ಹಾಕಿದೀನಿ.”

“ಅಪ್ಪಾ!” ಹೇಮಂತ ಹಾರಿ ನಿಂತ. “ನೀನಾ?”

“ಮತ್ತೆ? ದುಡಿದ ಎತ್ತು ಕೊಡುವಾಗ ಹಗ್ಗನೂ ಕೊಡ್ತಾರನೋ ಯಾರಾದ್ರೂ? ಆ ಕಾರ್ಡು ಎರಡು ವರ್ಷ ಈ ಮನೇಲಿ ದುಡೀತು. ಅದ್ರ ದುಡಿಮೇಲೇ ಅಲ್ವನಾ ನಿಮ್ಮಮ್ಮಂಗೆ ಕಣ್ಣಿನ ಆಪರೇಷನ್ ಮಾಡ್ಸಿದ್ದು? ಹಗ್ಗ ಸಮೇತ ಕಳ್ಸಿಬಿಟ್ರೆ ಕೊಟ್ಟಿಗೇಲಿ ಎಂತ ಉಳೀತದೆ?”

“ಅದು ವೈರಪ್ಪಾ! ಹಗ್ಗ ಅಲ್ಲ!”

“ಅದ್ರಿಂದ್ಲೇ ಕಟ್ಟಿದ್ಯೋ ಇಲ್ವೋ?” ಗುತ್ಯಪ್ಪ ಶಾಂತವೀರಪ್ಪನವರ ಕಡೆ ತಿರುಗಿದರು. “ಇವರು ದಲ್ಲಾಳಿ ಅಂತ ಅವರ ಹುಡುಗಿನೇ ಹೇಳ್ತು. ದಲ್ಲಾಳಿಗೆ ನಾನು ಹೇಳಿಕೊಡ್ಬೇಕನಾ ಇದನ್ನೆಲ್ಲ?”

ಶಾಂತವೀರಪ್ಪನವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

ಮಾರಿದವನು ಹಗ್ಗ ಬಿಚ್ಚಿಕೊಳ್ಳುತ್ತಾನೆ, ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗುತ್ತಾನೆ. ಹಗ್ಗ ಹೋದರೆ ಕೊಟ್ಟಿಗೆಯ ಕಳೆಯೂ ಅದರ ಹಿಂದೆ ಹೋಗುತ್ತದೆ. ಇದನ್ನು ಸಂತೆ ಸಂತೆಯಲ್ಲಿ ನಿಂತು ಹೇಳಿದವರು ಯಾರು? ಹಗ್ಗ ತರದೆ ಬಂದ ಹೊಸಬರನ್ನು “ಎತ್ತೇನು ಕಂಕುಳಾಗ ಒಯ್ತೀಯಾ?” ಎಂದು ಹಂಗಿಸಿ ಅಂಗಡಿಗೆ ಓಡಿಸಿದವರು ಯಾರು? ಹಲ್ಲು ನೋಡಿದರು, ಮೈ ನೋಡಿದರು, ಹೂಡಿಸಿ ನೋಡಿದರು, ಹುಡುಗನ ಮುಖವನ್ನೂ ನೋಡಿದರು. ಆದರೆ ಎದುರಿಗೆ ಕೂತು ಕಾರ್ಡನ್ನು ಎತ್ತಿನ ಹಾಗೇ ಬೀಳ್ಕೊಟ್ಟ ಮನುಷ್ಯನನ್ನು ನೋಡಲಿಲ್ಲ.

ಈಗ ಸುಲಭದ ದಾರಿಯೂ ಒಂದಿತ್ತು. ‘ವೈರು ಸಿಕ್ಕಿತಂತೆ, ಬರೆದದ್ದು ಅಳಿಸವ್ವಾ’ ಎಂದು ಮಗಳಿಗೆ ಹೇಳಿದರೆ ಮುಗಿಯಿತು. ಅಪ್ಪಾಜಿಯ ಕಣ್ಣು ಅಪ್ಪಾಜಿಯ ಕಣ್ಣೇ ಆಗಿ ಉಳಿಯುತ್ತದೆ. ಹುಡುಗನ ಹೆಸರಿಗೆ ಬಿದ್ದ ಮಸಿ ಮಾತ್ರ ಅರ್ಧಕ್ಕರ್ಧ ಹಾಗೇ ಇರುತ್ತದೆ. ಸಂತೆಯಲ್ಲಿ ಒಮ್ಮೆ ಹಾಯುವ ಎತ್ತು ಎಂದು ಕೂಗಿಸಿಕೊಂಡ ಪ್ರಾಣಿಯನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ. ಹಾಯುವುದಿಲ್ಲ ಎಂಬುದನ್ನು, ಮೊದಲು ಕೂಗಿದವನೇ ಮತ್ತೆ ಕೂಗಿ ಹೇಳಬೇಕು.

“ಆ ಗ್ರೂಪಿನಾಗ ನಾನು ಮಾತಾಡಬಹುದೇನಪ್ಪಾ?”

ಹೇಮಂತ ಅನುಮಾನದಿಂದಲೇ ಫೋನು ಕೊಟ್ಟ. “ಇದನ್ನ ಒತ್ತಿ ಹಿಡ್ಕೊಂಡು ಮಾತಾಡಿ. ಬಿಟ್ರೆ ಹೋಗಿಬಿಡುತ್ತೆ.”

ಶಾಂತವೀರಪ್ಪನವರು ಸಂತೆಯ ದನಿಯಲ್ಲೇ ಶುರು ಮಾಡಿದರು. “ನೋಡ್ರಪ್ಪಾ ಮಕ್ಕಳಾ, ನಾನು ಶಿಕಾರಿಪುರದ ದಲ್ಲಾಳಿ ಶಾಂತವೀರಪ್ಪ, ಸೌಂದರ್ಯಾನ ತಂದಿ. ಹೇಮಂತನ ಮಾಲು ಚಲೋ ಐತಿ, ಅವನೂ ಚಲೋ ಅದಾನ. ಎತ್ತು ಕೊಳ್ಳಾಕ ಹಗ್ಗ ಒಯ್ಯದೆ ಹೋದವ ನಾನು. ಕಳ್ಳ ಅಂತ ಅಂದವನೂ ನಾನೇ. ನನ್ನ ಕಣ್ಣು ತಪ್ಪೈತಿ. ಅವನ ಮಾನಿಟರು ಯಾರು ಬ್ಯಾಡ ಅಂದ್ರೋ ಅವರು ಅನುಮಾನ ಇಲ್ದ ಒಯ್ರಿ.”

ಬೆರಳು ತೆಗೆದರು. ಸ್ವಲ್ಪ ಹೊತ್ತಿಗೆ ಒಬ್ಬ ಬರೆದ: ಹೇಮಂತಾ, ಪಾಪ ಯಾವ ಅಂಕಲ್‌ನ ಹಿಡ್ಕೊಂಡು ಬಂದು ಮಾತಾಡಿಸ್ತಿದೀಯ? ಇನ್ನೊಬ್ಬ: ಎತ್ತು ಯಾವುದು?

“ನೋಡಿ, ನಂಬಲ್ಲ” ಅಂದ ಹೇಮಂತ.

ಅದರ ಕೆಳಗೆ ಸೌಂದರ್ಯಳ ಹೆಸರು ಮೂಡಿತು: ಅದು ನಮ್ಮ ಅಪ್ಪಾಜಿ ದನಿನೇ. ನಾನು ಬರೆದದ್ದು ತಪ್ಪು. ಸಾರಿ ಹೇಮಂತ್.

ಹೇಮಂತ ಉಸಿರು ಬಿಟ್ಟು ಅಪ್ಪನ ಕಡೆ ತಿರುಗಿದ. “ಇನ್ನಾದ್ರೂ ಆ ವೈರು ಕೊಡು ಮಾರಾಯಾ!”

“ಎಲ್ಲಾ ಸರಿ, ಹಗ್ಗ ಮಾತ್ರ ಕೊಡಲ್ಲ” ಅಂದರು ಗುತ್ಯಪ್ಪ.

“ಕೊಟ್ರೂ ನಾ ಮುಟ್ಟಂಗಿಲ್ಲ” ಅಂದರು ಶಾಂತವೀರಪ್ಪ. ವರದಮ್ಮ ತಂದ ಕಾಫಿಯನ್ನು ಈ ಸಲ ಪೂರ್ತಿ ಕುಡಿದರು.

*

ಬಸ್ಸು ಹತ್ತಿ ಕೂತ ಮೇಲೆ ಮಗಳ ಫೋನು ಬಂತು.

“ಅಷ್ಟೆಲ್ಲ ಹೇಳ್ಬೇಕಿತ್ತೇನ್ರಿ ಅಪ್ಪಾಜಿ? ಕಣ್ಣು ತಪ್ಪೈತಿ ಅಂತೆಲ್ಲ?”

“ತಪ್ಪೈತಲ್ಲವ್ವಾ.”

ಇನ್ನು ಮಗಳೂ ತಮ್ಮನ್ನು ಏನೂ ಕೇಳುವುದಿಲ್ಲ, ಫ್ರಿಜ್ಜಿನ ಕಾಲ ತಿರುಗಿ ಬಂತು ಎಂದುಕೊಂಡು ಅವರು ಕಿಟಕಿಯ ಕಡೆ ಮುಖ ಮಾಡಿದರು.

“ನೀವೀಗ ಶಿರಾಳಕೊಪ್ಪದಾಗ ಇಳೀತೀರಲ್ಲ” ಅಂದಳು ಸೌಂದರ್ಯ. “ಅಲ್ಲಿ ಕಂಪ್ಯೂಟರ್ ಅಂಗಡ್ಯಾಗ ಆ ವೈರು ಸಿಗ್ತೈತಿ. ತೆಳ್ಳಂದು ತಂದ್ರ ಸುಟ್ಟುಹೋಗ್ತೈತಂತ. ಹೇಮಂತ್ ಹೇಳ್ದ.”

“ಯಾವುದು ತರ್ಲಿ? ಫೋಟೋ ಕಳಿಸ್ಲೇನು?”

“ಫೋಟೋ ಬ್ಯಾಡ. ನೀವೇ ನೋಡಿ ತಗೊಂಬರ್ರಿ.”

ಶಿರಾಳಕೊಪ್ಪದ ಅಂಗಡಿಯವನು ಒಂದು ವೈರನ್ನು ಗಾಜಿನ ಮೇಲಿಟ್ಟ. ಶಾಂತವೀರಪ್ಪನವರು ಕನ್ನಡಕ ಏರಿಸಿದರು. ಎರಡೂ ತುದಿಯ ಹಲ್ಲು ನೋಡಿದರು, ನಡುವೆ ಬೆರಳಾಡಿಸಿದರು, ಮೂಸಿದರು, ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು.

“ಏನ್ ಯಜಮಾನ್ರೇ, ಕಿತ್ತೇ ಬಿಡ್ತೀರಾ?” ಅಂದ ಅಂಗಡಿಯವನು.

“ಇನ್ನೊಂದು ತೋರ್ಸಪ್ಪಾ” ಅಂದರು ಅವರು.